ರೇಡಿಯೋ ಟೀಚರಮ್ಮನ ಹಗೆ

ತುಮಕೂರಿನ ಶೆಟ್ಟಿಹಳ್ಳಿ ರಸ್ತೆಯಲ್ಲಿ ನಿಂತು ಗಂಗಾಂಬಿಕೆಯವರ ಮನೆ ಯಾವುದು ಅಂತ ಕೇಳಿ, ಯಾರೂ ತಲೆ ಎತ್ತುವುದಿಲ್ಲ. ರೇಡಿಯೋ ಟೀಚರ್ ಮನೆ ಅಂತ ಕೇಳಿ, ಸೊಪ್ಪಿನ ಗಾಡಿಯವನೂ ಕೈ ತೋರಿಸುತ್ತಾನೆ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ರಿಟೈರಾದ ಈ ಹೆಂಗಸಿನ ಮನೆಗೆ ಬಂದವರು ಕೂರಬೇಕಾದರೆ ಮೊದಲು ಸೋಫಾದ ಮೇಲಿನ ಟ್ರಾನ್ಸಿಸ್ಟರನ್ನು ಎತ್ತಿ ಪಕ್ಕಕ್ಕಿಡಬೇಕು. ಶೋಕೇಸಿನಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಮೆಟ್ಟಿಲ ಕೆಳಗೆ, ಕೊನೆಗೆ ಅಕ್ಕಿ ಡ್ರಮ್ಮಿನ ಮೇಲೂ ಅವೇ. ಅದೂ ಬೇರೆ ಬೇರೆ ಥರದವಲ್ಲ. ಎಲ್ಲವೂ ಒಂದೇ ಕಂಪನಿಯ ಒಂದೇ ಮಾಡಲ್ಲು: ಕೈಯಲ್ಲಿ ಹಿಡಿದು ಓಡಾಡಬಹುದಾದ, ಕಾಫಿಪುಡಿ ಬಣ್ಣದ, ಒಂದು ಮೀಡಿಯಂ ವೇವು ಎರಡು ಶಾರ್ಟ್ ವೇವು ಇರುವ ಹಳೇ ಕಾಲದ ರೇಡಿಯೋ.

ಬೆಂಗಳೂರಿನಿಂದ ಒಮ್ಮೆ ಹಳೇ ರೇಡಿಯೋ ಕೂಡಿಡುವ ಮಹಾಶಯರೊಬ್ಬರು ಬಂದು ಎಲ್ಲವನ್ನೂ ನೋಡಿ ದಂಗಾದರು. "ಮೇಡಂ, ಒಂದೇ ಮಾಡಲ್ ಇಷ್ಟೊಂದು ಯಾಕೆ? ನಂಗೆ ಅರ್ಧ ಕೊಡಿ, ಬದಲಿಗೆ ಬೇರೆ ಬೇರೆ ಪೀಸ್ ಕೊಡ್ತೀನಿ" ಎಂದರು. ಗಂಗಾಂಬಿಕೆ ಅವರಿಗೆ ಕಾಫಿ ಕೊಟ್ಟು, ಗೇಟಿನ ತನಕ ಬಂದು ಬೀಳ್ಕೊಟ್ಟಳು. ಬೀದಿಯವರು ಇದನ್ನು ಹವ್ಯಾಸ ಎನ್ನುತ್ತಾರೆ, ಬೆನ್ನ ಹಿಂದೆ ಹುಚ್ಚು ಎನ್ನುತ್ತಾರೆ. ಎರಡೂ ಅಲ್ಲ. ಇದು ಹಗೆ. ಹಗೆಯನ್ನು ಕೆಲವರು ಕುಡುಗೋಲಿನಲ್ಲಿ ತೀರಿಸಿಕೊಳ್ಳುತ್ತಾರೆ, ಕೆಲವರು ಕೋರ್ಟಿನಲ್ಲಿ. ಇವಳು ರೇಡಿಯೋ ಕೂಡಿಟ್ಟು ತೀರಿಸಿಕೊಂಡಳು. ಹೇಗೆ ಅಂತ ಹೇಳುತ್ತೇನೆ ಕೇಳಿ.

ಸಿ.ಎಸ್. ಪುರದ ಅಡವಿಯಪ್ಪನವರು ಇವಳ ಅಪ್ಪ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಕಂಕುಳಲ್ಲಿ ರೇಡಿಯೋ. ಸಂಜೆ ತೋಟದಿಂದ ಬಂದು, ಪೂಜೆ ಮುಗಿಸಿ, ಜಗಲಿಯ ಮೇಲೆ ಕೂತು ಏರಿಯಲ್ ಎಳೆಯುತ್ತಿದ್ದರು. ಬೆಂಗಳೂರು ಸ್ಟೇಷನ್ನು ಎಲ್ಲರ ಮನೆಯಲ್ಲೂ ಬರುತ್ತದೆ, ಅದನ್ನು ಕೇಳುವುದರಲ್ಲೇನು ಹೆಚ್ಚುಗಾರಿಕೆ ಎಂಬುದು ಅವರ ವಾದ. ಶಾರ್ಟ್ ವೇವಿನಲ್ಲಿ ಮುಳ್ಳನ್ನು ಕೂದಲೆಳೆಯಷ್ಟೇ ಸರಿಸುತ್ತಾ, ಗುರುಗುರು ಸದ್ದಿನೊಳಗಿಂದ ಯಾವುದೋ ದೇಶದ ಯಾವುದೋ ಮಾತನ್ನು ಹಿಡಿದು ತರುತ್ತಿದ್ದರು. ಅದರಲ್ಲಿ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ "ಅವ್ರೂರಲ್ಲೂ ಮಳೆ ಇಲ್ವಂತೆ ಕಣಮ್ಮ" ಎಂದು ಮಗಳಿಗೆ ಗಂಭೀರವಾಗಿ ಹೇಳುತ್ತಿದ್ದರು. ಮಗಳು ನಂಬುತ್ತಿದ್ದಳು. ಮುಳ್ಳು ತಿರುಗಿಸುವ ಅಧಿಕಾರ ಇದ್ದದ್ದು ಅವಳಿಗೊಬ್ಬಳಿಗೇ. ಅಣ್ಣ ಮಲ್ಲಿಕಾರ್ಜುನನಿಗೆ ಆ ಗುರುಗುರು ಕೇಳಿದರೇ ತಲೆನೋವು, ಅವನು ಹುಡುಗರ ಜೊತೆ ಸಿನಿಮಾ ನೋಡಲು ಕುಣಿಗಲ್ಲಿಗೆ ಹೋಗಿರುತ್ತಿದ್ದ.

ಒಂದು ಸಲ ಮುಳ್ಳನ್ನು ಎಳೆಯುವ ದಾರ ಒಳಗೇ ಕಿತ್ತುಹೋಯಿತು. ರಿಪೇರಿಗೆ ಗುಬ್ಬಿಗೆ ಹೋಗಬೇಕು, ಅಡವಿಯಪ್ಪನವರಿಗೆ ಅಷ್ಟು ತಾಳ್ಮೆ ಎಲ್ಲಿಯದು. ಆ ವಾರವಷ್ಟೇ ಲಿಂಗಕ್ಕೆ ಹೊಸ ಶಿವದಾರ ಕಟ್ಟಿಕೊಂಡಿದ್ದರು. ಹಳೇ ಶಿವದಾರವನ್ನು ತುಳಿಯುವ ಜಾಗದಲ್ಲಿ ಬಿಸಾಡುವಂತಿಲ್ಲ, ನೀರಿಗೆ ಬಿಡಬೇಕೆಂದು ದೇವರ ಗೂಡಿನಲ್ಲಿಟ್ಟಿದ್ದರು. ಅದರಲ್ಲೇ ಎರಡೆಳೆ ಬಿಡಿಸಿ, ಹೊಸೆದು, ಮೇಣದ ಬತ್ತಿ ತಿಕ್ಕಿ, ರೇಡಿಯೋದ ಬೆನ್ನು ಬಿಚ್ಚಿ ಕಟ್ಟಿಬಿಟ್ಟರು. ಗಂಟು ಬಿಗಿಯುವಾಗ ಬೆರಳಿಟ್ಟು ಹಿಡಿದವಳು ಗಂಗಾಂಬಿಕೆ. "ಯಾರ್ಗೂ ಹೇಳ್ಬ್ಯಾಡ ಮಗ. ಸ್ವಾಮ್ಗಳ ಕಿವಿಗೆ ಬಿದ್ರೆ ನಂಗೆ ಪ್ರಾಯಶ್ಚಿತ್ತ ಆಯ್ತದೆ" ಎಂದು ಅಪ್ಪ ನಕ್ಕರು. ಅವಳು ಹೇಳಲಿಲ್ಲ, ಅಣ್ಣನಿಗೂ ಹೇಳಲಿಲ್ಲ. ಅಂದಿನಿಂದ ಮುಳ್ಳು ಒಂದು ಜಾಗಕ್ಕೆ ಬಂದಾಗ ಆ ಗಂಟು ಸಿಕ್ಕಿ, ಸಣ್ಣಗೆ ಟಕ್ ಎಂದು ಹಾರಿ ಮುಂದೆ ಹೋಗುತ್ತಿತ್ತು.

ಅಪ್ಪ ಹೋದರು. ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂದಿರುವುದು ಎಲ್ಲರಿಗೂ ಗೊತ್ತು, ಆದರೆ ಕಾನೂನು ಕೇಳಿದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎನ್ನುವುದೂ ಎಲ್ಲರಿಗೂ ಗೊತ್ತು. ಅಕ್ಕತಂಗಿಯರು ಹಕ್ಕು ಬಿಟ್ಟು ಸೈನು ಹಾಕುತ್ತಾರೆ, ಅಣ್ಣತಮ್ಮಂದಿರು ಒಂದು ಸೀರೆ ಕೊಡುತ್ತಾರೆ, ಎಲ್ಲರೂ ಸೇರಿ ಹೋಟೆಲಿನಲ್ಲಿ ಊಟ ಮಾಡಿ ಮನೆಗೆ ಹೋಗುತ್ತಾರೆ. ಇದಕ್ಕೆ ನಮ್ಮ ಕಡೆ ಪ್ರೀತಿ ವಿಶ್ವಾಸ ಅಂತ ಹೆಸರು. ಮಲ್ಲಿಕಾರ್ಜುನ ಪ್ರೀತಿ ವಿಶ್ವಾಸದ ಮಾತೆತ್ತಿದಾಗ ಗಂಗಾಂಬಿಕೆ ಒಂದೇ ಮಾತು ಹೇಳಿದಳು.

"ತೋಟ ನೀನೇ ಇಟ್ಕೊ ಅಣ್ಣ. ಹೊಲಾನೂ ಇಟ್ಕೊ. ಸೀರೆ ಬ್ಯಾಡ. ಅಪ್ಪನ ರೇಡಿಯೋ ಕೊಡು, ಸಾಕು."

"ಅಷ್ಟೇನಾ? ಅದೇನ್ ದೊಡ್ಡದು, ತಗೊಂಡೋಗು ಬುಡು" ಎಂದ ಅಣ್ಣ.

ಗುಬ್ಬಿಯ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅವಳು ಸೈನು ಹಾಕಿ ಹೆಬ್ಬೆಟ್ಟು ಒತ್ತಿ ಹೊರಗೆ ಬಂದಾಗ, ಅಣ್ಣ ನೆಂಟರೆಲ್ಲರ ಎದುರಿಗೆ ಚೀಲದಿಂದ ರೇಡಿಯೋ ತೆಗೆದು ಅವಳ ಕೈಗಿಟ್ಟ. "ನೋಡ್ರಪ್ಪ, ನಮ್ ಗಂಗೂ ಕೇಳಿದ್ದು ಇಷ್ಟೇ. ಅಪ್ಪನ ರೇಡಿಯೋ ಕೊಟ್ಟಿದೀನಿ" ಎಂದು ಜೋರಾಗಿ ಹೇಳಿದ. ಹೊರಗಿನ ಚರ್ಮದ ಕೇಸಿಗೆ ಅಪ್ಪನ ನಶ್ಯದ ವಾಸನೆ ಇನ್ನೂ ಇತ್ತು. ಗಂಗಾಂಬಿಕೆ ಅದನ್ನು ಎದೆಗೆ ಒತ್ತಿಕೊಂಡು ಬಸ್ಸಿನಲ್ಲಿ ತುಮಕೂರಿನ ತನಕ ಅತ್ತಳು.

ಮನೆಗೆ ಬಂದು ಹೊಸ ಶೆಲ್ಲು ಹಾಕಿ ಮುಳ್ಳು ತಿರುಗಿಸಿದಳು. ಮುಳ್ಳು ಈ ತುದಿಯಿಂದ ಆ ತುದಿಯವರೆಗೆ ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹೋಯಿತು. ಮತ್ತೆ ತಿರುಗಿಸಿದಳು. ಎಲ್ಲೂ ಟಕ್ ಎನ್ನಲಿಲ್ಲ. ಸ್ಕ್ರೂಡ್ರೈವರಿನಿಂದ ಬೆನ್ನು ಬಿಚ್ಚಿ ನೋಡಿದರೆ ಒಳಗೆ ಕಂಪನಿಯ ನೈಲಾನ್ ದಾರ ಮಿರಮಿರ ಮಿನುಗುತ್ತಿತ್ತು. ಅಪ್ಪನ ಕೇಸು, ಯಾರದೋ ರೇಡಿಯೋ. ಅಣ್ಣ ಯಾವುದೋ ಗುಜರಿಯಿಂದ ಅದೇ ಮಾಡಲ್ಲಿನ ಇನ್ನೊಂದನ್ನು ತಂದು ಅಪ್ಪನ ಕೇಸಿಗೆ ತುರುಕಿ ತಂಗಿಯ ಕಣ್ಣಿಗೆ ಮಣ್ಣೆರಚಿದ್ದ.

ಅವಳ ಗಂಡ ಮಹಾಲಿಂಗಯ್ಯ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಸಾಧು ಮನುಷ್ಯ. ಆತನಿಗೇ ಸಿಟ್ಟು ಬಂದು "ಕೇಸ್ ಹಾಕಣ" ಎಂದ.

"ಕೋರ್ಟಿಗೋದ್ರೆ ತೋಟದ ಮಾತು ಬರ್ತದೆ. ನಂಗೆ ತೋಟ ಬ್ಯಾಡ ರೀ" ಎಂದಳು ಗಂಗಾಂಬಿಕೆ. "ಅವ್ನು ಉರೀಬೇಕು. ನಾನು ಈಗ ಹೆಂಗ್ ಉರೀತಾ ಇದೀನೋ ಹಂಗೇ ಉರೀಬೇಕು."

ತೋಟವನ್ನು ಮೋಸದಿಂದ ಕಿತ್ತುಕೊಂಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ತೋಟಕ್ಕೆ ಬೆಲೆಯಿದೆ, ಆಸೆ ಬಿದ್ದ ಅನ್ನಬಹುದು. ತೋಟದ ಬದಲು ಅವಳು ಕೇಳಿದ್ದು ಯಾರೂ ಕೇಳದ ಹಳೇ ರೇಡಿಯೋ, ಅದನ್ನೂ ಕೊಡಲು ಅವನಿಗೆ ಮನಸ್ಸಾಗಲಿಲ್ಲವಲ್ಲ. ಹೋಗಲಿ, ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಅಪ್ಪನ ಕೇಸಿಗೆ ಬೇರೆಯವರ ರೇಡಿಯೋ ತುಂಬುವಾಗ ಅವನಿಗೆ ಅಪ್ಪನ ಮುಖವೂ ನೆನಪಾಗಲಿಲ್ಲ.

ಅಣ್ಣನ ಹತ್ತಿರ ಒಂದು ಮಾತೂ ಆಡಲಿಲ್ಲ. ಪ್ರತಿ ಹಬ್ಬಕ್ಕೂ ಸಿ.ಎಸ್. ಪುರಕ್ಕೆ ಹೋಗಿ, ಅತ್ತಿಗೆ ಮಾಡಿದ ಒಬ್ಬಟ್ಟು ತಿಂದು, ನಗುನಗುತ್ತಾ ಮನೆಯ ಮೂಲೆ ಮೂಲೆಯನ್ನೂ ಕಣ್ಣಲ್ಲೇ ಜಾಲಾಡಿದಳು. ರೇಡಿಯೋ ಕಾಣಲಿಲ್ಲ. ಮಾರಿರಬೇಕು ಅಂದುಕೊಂಡಳು. ಮಾರಿದ್ದರೆ ಎಲ್ಲೋ ಒಂದು ಕಡೆ ಇರಲೇಬೇಕಲ್ಲ. ಅಲ್ಲಿಂದ ಶುರುವಾಯಿತು ನೋಡಿ ಅವಳ ಬೇಟೆ. ತುಮಕೂರಿನ ಗುಜರಿ ಅಂಗಡಿ, ಗುಬ್ಬಿ ಸಂತೆ, ಊರ್ಡಿಗೆರೆಯ ಹಳೇ ಮನೆಗಳ ಅಟ್ಟ, ಯಾವುದನ್ನೂ ಬಿಡಲಿಲ್ಲ. ಆ ಮಾಡಲ್ಲು ಕಂಡರೆ ಸಾಕು, ಹಾಡುತ್ತದೋ ಇಲ್ಲವೋ ಕೇಳುವುದಿಲ್ಲ, ಕೊಂಡು ತಂದು ಬೆನ್ನು ಬಿಚ್ಚುವುದು. ನೈಲಾನ್ ದಾರ ಕಂಡರೆ ಮುಚ್ಚಿ ಶೋಕೇಸಿಗೆ ಸೇರಿಸುವುದು. ರಿಪೇರಿಯವರಿಗೆಲ್ಲ ಫೋನ್ ನಂಬರು ಕೊಟ್ಟು, "ಒಳಗೆ ನೂಲಿನ ದಾರ ಇರೋದು ಬಂದ್ರೆ ಮೊದ್ಲು ನಂಗೆ ಹೇಳಿ" ಎಂದು ಕೈಮುಗಿದಿದ್ದಳು. ಹೀಗೆ ಹತ್ತು ವರ್ಷದ ಮೇಲಾಯಿತು. ಅಷ್ಟರಲ್ಲಿ ಶಾರ್ಟ್ ವೇವಿನಲ್ಲಿ ಕೇಳುವ ಸ್ಟೇಷನ್ನುಗಳೇ ಒಂದೊಂದಾಗಿ ಮುಚ್ಚಿ, ಚೀನಾದವರ ಮಾತು ಬಿಟ್ಟರೆ ಬರೀ ಗುರುಗುರು ಉಳಿಯಿತು. ಅವಳ ಹಗೆ ಮಾತ್ರ ಮೊದಲ ದಿನದಷ್ಟೇ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಹೋದ ವರ್ಷ ಕುಣಿಗಲ್ಲಿನಿಂದ ಫೋನ್ ಬಂತು. ಬಸ್ ಸ್ಟ್ಯಾಂಡಿನ ಹತ್ತಿರ ಮಿಕ್ಸಿ, ಫ್ಯಾನು, ರೇಡಿಯೋ ರಿಪೇರಿ ಮಾಡುವ ಸಿದ್ದಯ್ಯ.

"ಮೇಡಮ್ಮೋರೆ, ನೀವೇಳಿದ್ ಪೀಸು ಬಂದೈತೆ. ಶೆಲ್ಲು ಒಳ್ಗೇ ಸೋರಿ ಸ್ಪ್ರಿಂಗೆಲ್ಲ ತಿಂದಾಕೈತೆ. ಮುಳ್ಳಿನ್ ದಾರ ನೋಡುದ್ರೆ ಶಿವದಾರ ಇದ್ದಂಗೈತೆ. ಮುಟ್ಟಕ್ ಭಯ ಆಗಿ ಹಂಗೇ ಇಟ್ಟಿದೀನಿ."

"ಯಾರ್ ತಂದ್ಕೊಟ್ರು ಸಿದ್ದಯ್ಯ?"

"ಸಿ.ಎಸ್. ಪುರದ ಮಲ್ಲಣ್ಣ ಅಂತೆ. ಸೊಸೈಟಿ ಪ್ರೆಸಿಡೆಂಟಾಗಿದ್ರಂತಲ್ಲ, ಅವ್ರು."

ಗಂಗಾಂಬಿಕೆ ಫೋನು ಹಿಡಿದು ನಿಂತಲ್ಲೇ ನಕ್ಕಳು. ಮಾರಿರಲಿಲ್ಲ! ಇಷ್ಟು ವರ್ಷವೂ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಈಗ ಸೊಸೈಟಿ ಎಲೆಕ್ಷನ್ನಿನಲ್ಲಿ ಮಣ್ಣುಮುಕ್ಕಿ, ಮನೆಗೆ ಬಂದು ಮಾತಾಡಿಸುವವರಿಲ್ಲದೆ, ಹೊತ್ತು ಹೋಗದೆ ಅಪ್ಪನ ರೇಡಿಯೋ ನೆನಪಾಗಿತ್ತು. ತುಮಕೂರು, ಗುಬ್ಬಿಯ ರಿಪೇರಿಯವರಿಗೆಲ್ಲ ತಂಗಿ ಗೊತ್ತು, ಕುಣಿಗಲ್ಲಿಗೆ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಿದ್ದ ಆ ಜಾಣ.

ಅವಳು ಮಾರನೆಯ ದಿನವೇ ತನ್ನ ಶೋಕೇಸಿನಿಂದ ಒಂದು ರೇಡಿಯೋ ಆರಿಸಿ ಚೀಲಕ್ಕೆ ಹಾಕಿಕೊಂಡು ಕುಣಿಗಲ್ ಬಸ್ಸು ಹತ್ತಿದಳು. ಸಿದ್ದಯ್ಯನ ಎದುರು ಕೂತು ಎಲ್ಲವನ್ನೂ ಹೇಳಿದಳು. ಅವನದನ್ನು ನನಗೆ ಕೊಡು, ನನ್ನದನ್ನು ಅವನಿಗೆ ಕೊಡು ಎಂದಳು. ಸಿದ್ದಯ್ಯ ತಲೆ ಕೆರೆದುಕೊಂಡ. ಗಿರಾಕಿಯ ವಸ್ತು ಬದಲಾಯಿಸುವುದೆಂದರೆ ಕಸುಬಿಗೇ ದ್ರೋಹ.

"ಸೈನು ಹಾಕುಸ್ಕೊಂಡು ಹಿಂಗ್ ಮಾಡುದ್ರಾ?" ಎಂದು ಎರಡು ಸಲ ಕೇಳಿದ.

"ಹೂಂ."

"ನಮ್ಮನೆಯೋಳ್ಗೂ ಅವ್ಳ ಅಣ್ಣತಮ್ದೀರು ಹಿಂಗೇ ಮಾಡವ್ರೆ ಮೇಡಮ್ಮೋರೆ. ಇವತ್ತಿಗೂ ಹಬ್ಬ ಬಂದ್ರೆ ಮೂಲೇಲಿ ಕೂತ್ಕಂಡು ಅಳ್ತಾಳೆ." ಅವನು ಎದ್ದುಹೋಗಿ ಒಳಗಿನಿಂದ ಅಡವಿಯಪ್ಪನವರ ರೇಡಿಯೋ ತಂದು, ಸ್ಪ್ರಿಂಗು ಬದಲಾಯಿಸಿ ಅವಳ ಮುಂದಿಟ್ಟ. "ತಗೊಂಡೋಗಿ. ನಾನೇನೂ ನೋಡಿಲ್ಲ."

ಕೇಸಿನೊಳಗೇ ಇದ್ದು ಸವೆಯದೆ ಉಳಿದಿದ್ದ ರೇಡಿಯೋಗೆ ಹೊರಗೆ ಯಾವ ಗುರುತೂ ಇರಲಿಲ್ಲ. ಮಲ್ಲಿಕಾರ್ಜುನ ಬಂದು, ಸಿದ್ದಯ್ಯ ಕೊಟ್ಟದ್ದನ್ನು ತೆಗೆದುಕೊಂಡು, ಚೆನ್ನಾಗಿ ಹಾಡುತ್ತಿದೆ ಎಂದು ಶಹಬ್ಬಾಸ್ ಕೊಟ್ಟು ಹೋದ. ಅಪ್ಪನ ರೇಡಿಯೋ ಯಾವುದು, ಗುಜರಿಯ ರೇಡಿಯೋ ಯಾವುದು ಎಂದು ಅವನಿಗೆ ಎಂದಾದರೂ ಗೊತ್ತಿದ್ದರೆ ತಾನೆ. ಇತ್ತ ತುಮಕೂರಿನಲ್ಲಿ ಗಂಗಾಂಬಿಕೆ ಬಾಗಿಲು ಹಾಕಿಕೊಂಡು ಮುಳ್ಳು ತಿರುಗಿಸಿದಳು. ಟಕ್ ಎಂದಿತು. ಅಪ್ಪ ಸತ್ತಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

"ಆಯ್ತಲ್ಲ, ಸಿಕ್ತಲ್ಲ. ಇನ್ನು ಬುಟ್ಬುಡು" ಎಂದ ಮಹಾಲಿಂಗಯ್ಯ.

ಅವಳು ಬಿಡಲಿಲ್ಲ. ಯಾಕೆ ಬಿಡಬೇಕು? ಅಣ್ಣ ಸುಖವಾಗಿದ್ದ. ಅವಳು ಬದಲಾಯಿಸಿದ ರೇಡಿಯೋ ಕಿವಿಗಿಟ್ಟುಕೊಂಡು ಆರಾಮವಾಗಿ ನಿದ್ದೆ ಮಾಡುತ್ತಿದ್ದ. ಏಟು ತಿಂದವನಿಗೆ ತಿಂದದ್ದು ಗೊತ್ತಾಗದಿದ್ದರೆ ಹೊಡೆದವಳ ಕೈಗೆ ನೋವು ಅಷ್ಟೇ.

ಗೌರಿ ಹಬ್ಬಕ್ಕೆ ತವರಿಗೆ ಹೋದಳು. ಊಟವಾದ ಮೇಲೆ ಅಣ್ಣ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಳು.

"ಅಣ್ಣ, ಬೀರೂಲಿಟ್ಟಿದ್ದ ಅಪ್ಪನ ರೇಡಿಯೋ ಚೆನ್ನಾಗ್ ಹಾಡ್ತಾ ಐತಾ?"

ಮಲ್ಲಿಕಾರ್ಜುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಯಾವ ರೇಡಿಯೋ ಎಂದ, ಯಾರು ಹೇಳಿದ್ದು ಎಂದ, ಕೊನೆಗೆ ತಲೆ ತಗ್ಗಿಸಿದ. "ತಪ್ಪಾಯ್ತು ಕಣೇ ಗಂಗೂ. ಅಪ್ಪನ ವಸ್ತು ಕೊಟ್ಟ್ ಮನೆಗೆ ಹೋಯ್ತದಲ್ಲ ಅಂತ ಮನ್ಸು ಬರ್ದೆ ಹಂಗ್ ಮಾಡ್ಬುಟ್ಟೆ. ಮನೇಲೊಂದು ಅಪ್ಪನ ಗುರ್ತು ಇರ್ಲಿ ಅಂತ."

"ಇದ್ದಿದ್ರೆ ಒಳ್ಳೇದೇ. ಆದ್ರೆ ಇದು ಅಪ್ಪಂದಲ್ವಲ್ಲಣ್ಣ."

"ಏನ್ ಹಂಗಂದ್ರೆ? ನಾನೇ ನನ್ ಕೈಯಾರ ಎತ್ತಿಟ್ಟಿದ್ದು!"

"ತತ್ತಾ ಇಲ್ಲಿ." ಅವನು ಓಡಿಹೋಗಿ ತಂದ. ಅವಳು ಬೆನ್ನು ಬಿಚ್ಚಿ ತೋರಿಸಿದಳು. "ಅಪ್ಪನ ರೇಡಿಯೋ ಒಳಗೆ ಒಂದು ಗುರ್ತಿತ್ತು. ನೀನು ನಂಗೆ ಕೊಟ್ಟಿದ್ರಲ್ಲೂ ಇಲ್ಲ, ಇದ್ರಲ್ಲೂ ಇಲ್ಲ. ಅಪ್ಪ ಕಡೇ ಸಲ ತುಮಕೂರು ಆಸ್ಪತ್ರೇಲಿದ್ದಾಗ ರೇಡಿಯೋ ಕೆಟ್ಟಿತ್ತು ಅಂತ ಗುಬ್ಬಿ ಸಂತೇಲಿ ಯಾರ್ಗೋ ರಿಪೇರಿಗೆ ಕೊಟ್ಟಿದ್ದೆಯಲ್ಲ, ನೆನಪೈತಾ? ಅವ್ನೇ ಬದಲಾಯ್ಸವ್ನೆ. ಅಪ್ಪನ ರೇಡಿಯೋ ಕಳ್ದಿದ್ದು ನೀನೇ ಕಣಣ್ಣ. ಅಪ್ಪ ಬದುಕಿದ್ದಾಗ್ಲೇ."

ಕೊಟ್ಟದ್ದು ನಿಜ. ಸಂತೆಯವನು ರಿಪೇರಿ ಮಾಡಿ ಅದನ್ನೇ ವಾಪಸ್ಸು ಕೊಟ್ಟದ್ದೂ ನಿಜ, ಆದರೆ ಅದು ಗೊತ್ತಿದ್ದದ್ದು ಅವಳಿಗೊಬ್ಬಳಿಗೆ. ಮಲ್ಲಿಕಾರ್ಜುನ ರೇಡಿಯೋದ ಬೆನ್ನೊಳಗೆ ಕಣ್ಣು ನೆಟ್ಟು ಕೂತ. ತಂಗಿಗೆ ಮೋಸ ಮಾಡಿ, ಊರಿಗೆ ಸುಳ್ಳು ಹೇಳಿ, ಹತ್ತು ವರ್ಷ ಬೀಗ ಹಾಕಿ ಕಾದದ್ದು ಯಾವನದೋ ಗುಜರಿ ಎಂದು ಅವನಿಗೆ ಮನವರಿಕೆಯಾಗುತ್ತಾ ಹೋದದ್ದನ್ನು ಗಂಗಾಂಬಿಕೆ ಕಣ್ತುಂಬ ನೋಡಿದಳು. ಅವಳಿಗೆ ಆ ಗೌರಿ ಹಬ್ಬದಷ್ಟು ರುಚಿಯಾದ ಹಬ್ಬ ಇನ್ನೊಂದಿಲ್ಲ.

"ಏನ್ ಗುರ್ತಿತ್ತು ಹೇಳೇ, ಹುಡುಕ್ತೀನಿ" ಎಂದ ಅವನು.

"ಅಪ್ಪನ ಮಗನಲ್ವಾ ನೀನು? ನಿಂಗೇ ಗೊತ್ತಿರ್ಬೇಕು."

ಅಲ್ಲಿಂದ ಮಲ್ಲಿಕಾರ್ಜುನನ ತಿರುಗಾಟ ಶುರುವಾಯಿತು. ಒಂದು ಕಾಲದಲ್ಲಿ ಕಾರಿನಲ್ಲಿ ಸೊಸೈಟಿಗೆ ಹೋಗುತ್ತಿದ್ದವನು ಈಗ ಸಂತೆಯಲ್ಲಿ ಗುಜರಿಯವರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಳೇ ರೇಡಿಯೋ ತಡಕುತ್ತಾನೆ. ಗುರುತು ಏನೆಂದು ಗೊತ್ತಿಲ್ಲದ್ದರಿಂದ ಕಂಡದ್ದನ್ನೆಲ್ಲ ಕೊಂಡುಕೊಳ್ಳಲೇಬೇಕು. ಕೊಂಡು ತುಮಕೂರಿಗೆ ತಂದು ತಂಗಿಯ ಮುಂದಿಡುತ್ತಾನೆ. ಅವಳು ಕನ್ನಡಕ ಹಾಕಿಕೊಂಡು, ಬೆನ್ನು ಬಿಚ್ಚಿ, ಬಹಳ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು "ಅಲ್ಲ ಕಣಣ್ಣ" ಎನ್ನುತ್ತಾಳೆ. ಆಮೇಲೆ ಕಾಫಿ ಕೊಡುತ್ತಾಳೆ. ಪಕ್ಕದ ರೂಮಿನ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಅಪ್ಪನ ರೇಡಿಯೋ ಬಾಯಿ ಮುಚ್ಚಿಕೊಂಡು ಮಲಗಿರುತ್ತದೆ. ಅಣ್ಣ ಯಾವ ಗಳಿಗೆಯಲ್ಲಿ ಬಂದುಬಿಡುತ್ತಾನೋ ಎಂದು ಅವಳು ಅದನ್ನು ಹೊರಗೆ ತೆಗೆಯುವಂತಿಲ್ಲ, ಹಾಡಿಸುವಂತೆಯೂ ಇಲ್ಲ. ಹತ್ತು ವರ್ಷ ಹುಡುಕಿ ತಂದದ್ದನ್ನು ಅವಳು ಕೇಳಿದ್ದು ಸಿಕ್ಕಿದ ಆ ಒಂದು ದಿನ ಮಾತ್ರ.

ಮಹಾಲಿಂಗಯ್ಯನಿಗೆ ಇದನ್ನೆಲ್ಲ ನೋಡಿ ಸಾಕಾಯಿತು. "ಅವ್ನೂ ಬೀರೂಲಿ ಬೀಗ ಹಾಕಿಟ್ಟಿದ್ದ. ನೀನೂ ಅದೇ ಮಾಡ್ತಾ ಇದೀಯ. ಅವ್ನಿಗೆ ಬಿಪಿ, ಶುಗರ್ರು ಎಲ್ಲಾ ಐತೆ. ಹೇಳ್ಬುಡೇ, ಸಾಕು."

"ನಾನು ಎಷ್ಟ್ ವರ್ಷ ಹುಡುಕ್ದೆ? ಅಷ್ಟೇ ವರ್ಷ ಅವ್ನೂ ಹುಡುಕ್ಲಿ. ಆಮೇಲೆ ಹೇಳ್ತೀನಿ."

"ಅಷ್ಟ್ ವರ್ಷ ಅವ್ನು ಬದುಕ್ಬೇಕಲ್ಲೇ?"

ಈ ಮಾತು ಗಂಗಾಂಬಿಕೆಯ ಎದೆಗೆ ನಾಟಿತು. ಅವಳು ಇದನ್ನು ಯೋಚಿಸಿಯೇ ಇರಲಿಲ್ಲ. ನಡುವೆ ಅಣ್ಣ ಸತ್ತುಹೋದರೆ? ಅರ್ಧಕ್ಕೇ ತಪ್ಪಿಸಿಕೊಂಡುಬಿಟ್ಟರೆ? ಇಷ್ಟು ವರ್ಷ ಹಾಳಾಗಿ ಹೋಗಲಿ ಎಂದು ಶಪಿಸುತ್ತಿದ್ದವಳಿಗೆ ಆ ದಿನ ಅಣ್ಣನ ಆಯಸ್ಸಿನ ಚಿಂತೆ ಹತ್ತಿತು. ಬೆಳಿಗ್ಗೆ ಪೂಜೆಗೆ ಕೂತರೆ ಮೊದಲು ಅವನ ಹೆಸರೇ ಬಾಯಿಗೆ ಬರತೊಡಗಿತು. ಬಂದಾಗ ಕಾಫಿಗೆ ಸಕ್ಕರೆ ಹಾಕುವುದನ್ನು ನಿಲ್ಲಿಸಿದಳು, ಮಾತ್ರೆ ತೆಗೆದುಕೊಂಡೆಯಾ ಎಂದು ಕೇಳತೊಡಗಿದಳು. ಅಷ್ಟಕ್ಕೂ ಸಮಾಧಾನವಾಗದೆ ಒಂದು ಸೋಮವಾರ ಗಂಡನನ್ನು ಎಬ್ಬಿಸಿಕೊಂಡು ಎಡೆಯೂರಿಗೆ ಹೋಗಿ, ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ಅಣ್ಣನ ಹೆಸರಿಗೆ ಅರ್ಚನೆ ಮಾಡಿಸಿದಳು. ದೀರ್ಘಾಯುಷ್ಯ ಆಗಲಿ ಎಂದು ಅರ್ಚಕರಿಗೆ ಬಾಯಿಬಿಟ್ಟು ಹೇಳಿದಳು. ದೇವರ ಮುಂದೆ ಅಷ್ಟು ಮನಸ್ಸಿಟ್ಟು ಅವಳು ಇನ್ನೇನನ್ನೂ ಬೇಡಿದವಳಲ್ಲ.

ಸಿ.ಎಸ್. ಪುರದವರು ಯಾರೋ ಇದನ್ನು ಕಂಡು ಮಲ್ಲಿಕಾರ್ಜುನನಿಗೆ ಹೇಳಿದರು. ಅವನು ಆ ವಾರವೇ ಬಂದ. ಕಂಕುಳಲ್ಲಿ ಹೊಸದಾಗಿ ಕೊಂಡ ಹಳೇ ರೇಡಿಯೋ, ಕಣ್ಣಲ್ಲಿ ನೀರು.

"ನಾನು ಅಷ್ಟ್ ದೊಡ್ಡ್ ಮೋಸ ಮಾಡಿದ್ರೂ ನನ್ ಆಯಸ್ಸಿಗೆ ಅರ್ಚನೆ ಮಾಡ್ಸಿದ್ಯಂತಲ್ಲೇ ಗಂಗೂ. ಎಂಥಾ ದೊಡ್ಡ್ ಮನಸ್ಸೇ ನಿಂದು" ಎಂದು ಅವಳ ಕೈ ಹಿಡಿದುಕೊಂಡ.

"ಹೂಂ ಅಣ್ಣ. ನೀನು ಇನ್ನೂ ಭಾಳ ವರ್ಷ ಇರ್ಬೇಕು" ಎಂದಳು ಗಂಗಾಂಬಿಕೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಎಡೆಯೂರಿನ ಪ್ರಸಾದ ತಂದು ಅವನ ಕೈಗೆ ಹಾಕಿದಳು. ಅವನು ಕಣ್ಣಿಗೊತ್ತಿಕೊಂಡು ತಿಂದ. ಒಳಬಾಗಿಲಲ್ಲಿ ನಿಂತಿದ್ದ ಮಹಾಲಿಂಗಯ್ಯ ನೋಡಲಾರದೆ ಹಿತ್ತಲಿಗೆ ಹೋದ. ಗಂಗಾಂಬಿಕೆ ಕನ್ನಡಕ ಹಾಕಿಕೊಂಡು, ರೇಡಿಯೋವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಸ್ಕ್ರೂ ಬಿಚ್ಚಿ, ಒಳಗೆ ಬಹಳ ಹೊತ್ತು ನೋಡಿದಳು.

"ಅಲ್ಲ ಕಣಣ್ಣ" ಎಂದಳು. "ಮುಂದಿನ್ ಸಂತೇಲಿ ನೋಡು."